ಅಮೆರಿಕದ ನಗರಗಳ ಬಾಂಡ್ ಸಾಲದ ಮೇಲೆ ಒಕ್ಕೂಟ ಸರ್ಕಾರಕ್ಕೆ ಹಿಡಿತ ಹೇಗೆ?

ಪ್ರಶ್ನೆ:
ಅಮೆರಿಕದಲ್ಲಿ ಒಳಚರಂಡಿ, ಸೇತುವೆ, ಶಾಲಾ ಕಟ್ಟಡಗಳಂತಹ ಕಾಮಗಾರಿಗಳಿಗೆ ಸ್ಥಳೀಯ ಆಡಳಿತಗಳೇ ಬಾಂಡ್ ಹೊರಡಿಸಿ ಸಾಲ ಎತ್ತುತ್ತವೆ. ಸಾಮಾನ್ಯವಾಗಿ ಒಕ್ಕೂಟ ಸರ್ಕಾರ ಅವುಗಳಿಗೆ ಜಾಮೀನು ನಿಲ್ಲುವುದಿಲ್ಲ. ಹೀಗಿದ್ದೂ 2017ರ ತೆರಿಗೆ ಕಾನೂನು ನಗರಗಳಿಗೆ ಪೆಟ್ಟು ಕೊಟ್ಟಿತು ಎನ್ನುತ್ತಾರೆ. ಸಾಲವನ್ನೂ ಕೊಡದ, ಜಾಮೀನೂ ನಿಲ್ಲದ ಸರ್ಕಾರದ ತೀರ್ಮಾನ ನಗರದ ಬಡ್ಡಿ ಹೊರೆಯನ್ನು ಹೆಚ್ಚಿಸುವುದು ಹೇಗೆ?

ಉತ್ತರ 1:
ಒಕ್ಕೂಟ ಸರ್ಕಾರದ ಹಿಡಿತವಿರುವುದು ಆದಾಯ ತೆರಿಗೆಯ ಮೂಲಕ. 1913ರಲ್ಲಿ ಈ ತೆರಿಗೆ ಬಂದಂದಿನಿಂದಲೂ ರಾಜ್ಯಗಳ ಮತ್ತು ನಗರಗಳ ಬಾಂಡ್ ಬಡ್ಡಿಗೆ ವಿನಾಯಿತಿ ಇದೆ. ಶೇ 37ರ ತೆರಿಗೆ ಹಂತದಲ್ಲಿರುವ ಹೂಡಿಕೆದಾರನಿಗೆ ಕಂಪನಿಯ ಬಾಂಡಿನಿಂದ ಶೇ 5 ಬಡ್ಡಿ ಬಂದರೆ, ತೆರಿಗೆ ಕಳೆದು ಕೈಗೆ ಸಿಗುವುದು ಶೇ 3.15 ಮಾತ್ರ, ಆದ್ದರಿಂದ ನಗರವೊಂದು ಶೇ 3.5 ಕೊಟ್ಟರೂ ಅವನಿಗೆ ಲಾಭವೇ. ಆ ಅಂತರ ಒಕ್ಕೂಟದ ಬೊಕ್ಕಸ ಬಿಟ್ಟುಕೊಟ್ಟ ಹಣ, ಅಂದರೆ ಅನುದಾನವೆಂಬ ಹೆಸರಿಲ್ಲದ ಅನುದಾನ. ಈ ವಿನಾಯಿತಿಗೆ ಸಂವಿಧಾನದ ರಕ್ಷಣೆಯಿಲ್ಲವೆಂದು ಸುಪ್ರೀಂ ಕೋರ್ಟ್ 1988ರಲ್ಲಿ ಸೌತ್ ಕ್ಯಾರೊಲಿನಾ ಪ್ರಕರಣದಲ್ಲಿ ಹೇಳಿರುವುದರಿಂದ, ಕಾಂಗ್ರೆಸ್ (ಅಮೆರಿಕದ ಸಂಸತ್ತು) ಬಯಸಿದರೆ ಅದನ್ನು ಮೊಟಕುಗೊಳಿಸಬಹುದು.

ಉತ್ತರ 2:
2017ರಲ್ಲಿ ಆದದ್ದೂ ಅಂಥದೇ ಮೊಟಕು. ಹಲವು ಬಾಂಡ್‌ಗಳನ್ನು ಮೊದಲ 10 ವರ್ಷ ಮುಂಗಡವಾಗಿ ತೀರಿಸಲು ಬರುವುದಿಲ್ಲ. ಅಷ್ಟರಲ್ಲಿ ಬಡ್ಡಿದರ ಇಳಿದರೆ ನಗರಗಳು ಕಡಿಮೆ ಬಡ್ಡಿಯ ಹೊಸ ಬಾಂಡ್ ಮಾರಿ, ಬಂದ ಹಣವನ್ನು ಹಳೆಯ ಸಾಲ ತೀರಿಸುವ ದಿನದವರೆಗೆ ಪ್ರತ್ಯೇಕ ಖಾತೆಯಲ್ಲಿ ಇಡುತ್ತಿದ್ದವು. ಒಂದೇ ಕಾಮಗಾರಿಗೆ ಎರಡು ಬಾಂಡ್‌ಗಳು ಏಕಕಾಲಕ್ಕೆ ವಿನಾಯಿತಿ ಪಡೆಯುತ್ತವೆ ಎಂಬ ಆಕ್ಷೇಪದ ಮೇಲೆ ಈ ಸೌಲಭ್ಯ ರದ್ದಾಯಿತು. ಹಳೆಯ ಸಾಲ ತೀರಿಸುವುದಕ್ಕೆ ಮುಂಚಿನ 90 ದಿನಗಳೊಳಗೆ ಮರುಸಾಲ ಪಡೆದರೆ ಮಾತ್ರ ಈಗ ವಿನಾಯಿತಿ. 2020ರಲ್ಲಿ ಬಡ್ಡಿದರ ಕುಸಿದಾಗ ಅನೇಕ ನಗರಗಳು ತೆರಿಗೆ ಬೀಳುವ ಬಾಂಡ್‌ಗಳನ್ನೇ ಹೊರಡಿಸಿ ಹಳೆಯ ಸಾಲ ತೀರಿಸಿದವು. ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ, ಆದರೆ ಉಳಿಯಬಹುದಾಗಿದ್ದ ಬಡ್ಡಿಯ ಒಂದು ಪಾಲು ನಗರಗಳ ಕೈತಪ್ಪಿತು ಎಂಬುದೂ ನಿಜ.

ಪ್ರಶ್ನೆ ಕೇಳಿದವರು:
ಹಾಗಾದರೆ ವಿನಾಯಿತಿಯ ಬದಲು ನೇರವಾಗಿ ಹಣವನ್ನೇ ಕೊಡಬಹುದಲ್ಲವೇ?

ಉತ್ತರ 3:
ಕೊಟ್ಟು ನೋಡಿದ್ದಾರೆ. 2009–10ರ ಬಿಲ್ಡ್ ಅಮೆರಿಕ ಬಾಂಡ್‌ಗಳಲ್ಲಿ ಬಡ್ಡಿಯ ಶೇ 35ರಷ್ಟನ್ನು ಒಕ್ಕೂಟ ಸರ್ಕಾರವೇ ಭರಿಸುವುದೆಂದಿತ್ತು. 2013ರಿಂದ ಬಜೆಟ್ ಕಡಿತದ ನೆಪದಲ್ಲಿ ಆ ಪಾಲಿಗೂ ಕತ್ತರಿ ಬಿತ್ತು. ಅಷ್ಟಾದ ಮೇಲೆ ನಗರಗಳ ಹಣಕಾಸು ಅಧಿಕಾರಿಗಳು ಇಂಥ ಭರವಸೆಯನ್ನು ನಂಬಲು ಹಿಂಜರಿದರೆ ಆಶ್ಚರ್ಯವಿಲ್ಲ.

ಉತ್ತರ 1 ಬರೆದವರು:
ವಿನಾಯಿತಿಯಲ್ಲೂ ವಿಚಿತ್ರಗಳಿವೆ. ಖಾಸಗಿ ಬಳಕೆ ಶೇ 10ನ್ನು ಮೀರಿ, ಜೊತೆಗೆ ಸಾಲ ತೀರುವಳಿಯಲ್ಲಿ ಖಾಸಗಿ ಮೂಲದ ಪಾಲೂ ಶೇ 10ನ್ನು ಮೀರಿದರೆ ಅದು ಖಾಸಗಿ ಉದ್ದೇಶದ ಬಾಂಡ್ ಎನಿಸುತ್ತದೆ; ಕಾನೂನು ಒಪ್ಪಿದ ಕೆಲವು ಉದ್ದೇಶಗಳಿಗೆ ಬಿಟ್ಟರೆ ಅದಕ್ಕೆ ವಿನಾಯಿತಿ ಇಲ್ಲ. ಇಂಥ ಬಾಂಡ್‌ಗಳಿಂದ ಕ್ರೀಡಾಂಗಣ ಕಟ್ಟುವುದನ್ನು ತಡೆಯಲು 1986ರಲ್ಲಿ ಕಾಂಗ್ರೆಸ್ ಮುಂದಾಯಿತು. ಆದರೆ ತಂಡದಿಂದ ಬರುವ ಬಾಡಿಗೆಯನ್ನು ಮಿತಿಯೊಳಗಿಟ್ಟು ಉಳಿದ ಸಾಲವನ್ನು ಹೋಟೆಲ್ ತೆರಿಗೆಯಂತಹ ಸಾರ್ವಜನಿಕ ಆದಾಯದಿಂದ ತೀರಿಸಿದರೆ, ಕ್ರೀಡಾಂಗಣದ ಬಾಂಡ್ ಸರ್ಕಾರಿ ಉದ್ದೇಶದ್ದೇ ಆಗಿಬಿಡುತ್ತದೆ. ತಂಡ ಕಡಿಮೆ ಕೊಟ್ಟಷ್ಟೂ ವಿನಾಯಿತಿ ಭದ್ರ. ಬಡವರ ಬಾಡಿಗೆ ಮನೆಗಳಿಗೆ ಖಾಸಗಿ ನಿರ್ಮಾಪಕರು ಬಳಸುವ ಬಾಂಡ್‌ಗಳು ಮಾತ್ರ ಖಾಸಗಿ ಉದ್ದೇಶದವು ಎನಿಸಿ, ಅಂಥ ಬಾಂಡ್‌ಗಳಿಗೆ ಆಯಾ ರಾಜ್ಯಕ್ಕಿರುವ ವಾರ್ಷಿಕ ಮಿತಿಯೊಳಗೆ ಸರದಿ ಕಾಯಬೇಕು.