ಉಪ್ಪುನೀರಿಗೆ ಈಜುಕೊಳದ ಪ್ಲಾಸ್ಟರ್, ಏಣಿ, ಹೀಟರ್ ಹಾಳಾಗುತ್ತವೆಯೇ?

ನೀಲಿಕೊಳ: 60,000 ಲೀಟರ್ ಕೊಳ. ಒಳಗೆ ಸಿಮೆಂಟ್ ಪ್ಲಾಸ್ಟರ್, ಅಂಚಿಗೆ ಮರಳುಗಲ್ಲು, ಸ್ಟೀಲ್ ಏಣಿ, ತಾಮ್ರದ ಕಾಯಿಲ್ ಇರುವ ಹೀಟರ್. ಈವರೆಗೆ ದ್ರವ ಕ್ಲೋರಿನ್ ಹಾಕುತ್ತಿದ್ದೆವು, ಈಗ ಸಾಲ್ಟ್ ಕ್ಲೋರಿನೇಟರ್ (ನೀರಿಗೆ ಬೆರೆಸಿದ ಉಪ್ಪಿನಿಂದಲೇ ಕ್ಲೋರಿನ್ ತಯಾರಿಸುವ ವಿದ್ಯುತ್ ಯಂತ್ರ) ಹಾಕಿಸುವ ಯೋಚನೆ. ಉಪ್ಪು ಎಲ್ಲವನ್ನೂ ತಿಂದುಹಾಕುತ್ತದೆ ಅಂತ ಕೆಲವರು, ಏನೂ ಆಗಲ್ಲ ಅಂತ ಮಾರುವವರು. ಯಾರನ್ನು ನಂಬೋದು?

ಪಿಎಚ್_ಪಹರೆ: ಇಬ್ಬರನ್ನೂ ಪೂರ್ತಿ ನಂಬಬೇಡಿ. ಇಂಥ ಕೊಳದಲ್ಲಿ ಉಪ್ಪು ಇರುವುದು ಸುಮಾರು 3,200 ಪಿಪಿಎಂ (ಲೀಟರಿಗೆ 3.2 ಗ್ರಾಂ), ಸಮುದ್ರದಲ್ಲಿ 35,000. ಅಷ್ಟು ಉಪ್ಪಿಗೆ ಒಳ್ಳೆಯ ಪ್ಲಾಸ್ಟರ್ ಜಗ್ಗುವುದಿಲ್ಲ. ಕಾಟ ಕೊಡುವುದು ಪಿಎಚ್. ಸೆಲ್‌ನಲ್ಲಿ (ಕ್ಲೋರಿನೇಟರಿನಲ್ಲಿ ನೀರಿಗೆ ವಿದ್ಯುತ್ ಹಾಯಿಸುವ ಪ್ಲೇಟುಗಳ ಭಾಗ) ಹುಟ್ಟುವ ಹೈಡ್ರೋಜನ್ ಗುಳ್ಳೆಗಳು ನೀರಿನಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹೊರಗೆ ತಳ್ಳುತ್ತವೆ, ಪಿಎಚ್ ಏರುತ್ತಲೇ ಇರುತ್ತದೆ. 8 ದಾಟಲು ಬಿಟ್ಟರೆ ಸೆಲ್ ಪ್ಲೇಟುಗಳ ಮೇಲೂ ಗೋಡೆಯ ಮೇಲೂ ಸುಣ್ಣ ಕಟ್ಟುತ್ತದೆ. ಅದಕ್ಕೆ ಹೆದರಿ ಒಮ್ಮೆಲೇ ಆಸಿಡ್ ಸುರಿದರೆ ಪ್ಲಾಸ್ಟರ್ ಕೊರೆಯುತ್ತದೆ, ಬೈಗುಳ ಮಾತ್ರ ಉಪ್ಪಿಗೆ! ಪಿಎಚ್ 7.6ರ ಆಸುಪಾಸು, ಕ್ಷಾರೀಯತೆ (ಆಸಿಡ್ ತಡೆದುಕೊಳ್ಳುವ ನೀರಿನ ಶಕ್ತಿ) 60ರಿಂದ 80, ಕ್ಯಾಲ್ಸಿಯಂ ಗಡಸುತನ 250ರಿಂದ 350 ಪಿಪಿಎಂ ಇರಲಿ. ಕ್ಷಾರೀಯತೆ ಕಡಿಮೆ ಇದ್ದಷ್ಟೂ ಪಿಎಚ್ ನಿಧಾನಕ್ಕೆ ಏರುತ್ತದೆ.

ಕಲ್ಲುಕಟ್ಟೆ: ನಿಮ್ಮಲ್ಲಿ ನಿಜಕ್ಕೂ ಏಟು ತಿನ್ನುವುದು ಆ ಮರಳುಗಲ್ಲು. ಎರಚಿದ ನೀರು ಕಲ್ಲಿನ ರಂಧ್ರಗಳಿಗೆ ಇಳಿದು ಒಣಗುತ್ತದೆ, ಉಪ್ಪು ಒಳಗೇ ಹರಳುಗಟ್ಟಿ ಉಬ್ಬುತ್ತದೆ. ಹೀಗೆ ಮತ್ತೆ ಮತ್ತೆ ಆದಾಗ ಮೇಲ್ಪದರ ಹಪ್ಪಳದ ಹಾಗೆ ಎದ್ದು ಬರುತ್ತದೆ. ನೀರು ತುಂಬಿರುವ ಜಾಗಕ್ಕಿಂತ ನೆನೆದು ಒಣಗುವ ಜಾಗವೇ ಮೊದಲು ಕೆಡುವುದು ಇದಕ್ಕೇ. ಕಲ್ಲಿನೊಳಗೆ ಇಳಿಯುವ ಸೈಲೇನ್-ಸಿಲಾಕ್ಸೇನ್ ಸೀಲರ್ ಹೊಡೆಸಿ. ಮೇಲೆ ಪೊರೆ ಕಟ್ಟುವ ಹೊಳಪಿನ ಸೀಲರ್ ಬೇಡ, ತೇವ ಒಳಗೇ ಸಿಕ್ಕಿಬೀಳುತ್ತದೆ. ಈಜಿದ ಮೇಲೆ ಅಂಚಿಗೆ ಸಿಹಿನೀರು ಹಾಯಿಸಿ.

ತಾಮ್ರತಂತಿ: ಲೋಹದ ವಿಷಯ. ಏಣಿ 304 ದರ್ಜೆಯ ಸ್ಟೀಲ್ ಆಗಿದ್ದರೆ ಚುಕ್ಕಿ ಚುಕ್ಕಿ ತುಕ್ಕು ಬರುತ್ತದೆ, 316 ಹೆಚ್ಚು ತಡೆಯುತ್ತದೆ. ಏಣಿ, ಪಂಪ್, ಹೀಟರ್ ಎಲ್ಲವನ್ನೂ ಬಾಂಡಿಂಗ್ ತಂತಿಯಿಂದ ಒಂದಕ್ಕೊಂದು ಸೇರಿಸಿದ್ದಾರೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಆ ತಂತಿಗೇ ಒಂದು ಸತುವಿನ ಆನೋಡ್ (ತಾನು ಸವೆದು ಉಳಿದ ಲೋಹವನ್ನು ಕಾಯುವ ತುಂಡು) ಜೋಡಿಸಿದರೆ ಮೊದಲು ಅದು ಸವೆಯುತ್ತದೆ. ತಾಮ್ರದ ಕಾಯಿಲ್‌ಗೆ ಉಪ್ಪಿಗಿಂತ 7.2ಕ್ಕಿಂತ ಕೆಳಗಿನ ಪಿಎಚ್ ಅಪಾಯ. ಸೆಲ್ ಯಾವಾಗಲೂ ಹೀಟರ್ ಆದ ಮೇಲೆ, ಪೈಪಿನ ಕೊನೆಯಲ್ಲಿ ಬರಬೇಕು; ನಡುವೆ ಚೆಕ್ ವಾಲ್ವ್ ಇರಲಿ. ಇಲ್ಲದಿದ್ದರೆ ಪಂಪ್ ನಿಂತಾಗ ಕ್ಲೋರಿನ್ ಹೆಚ್ಚಿರುವ ನೀರು ಹೀಟರಿಗೆ ಹಿಮ್ಮುಖವಾಗಿ ಹೋಗುತ್ತದೆ.

ನೀಲಿಕೊಳ: ಸರಿ, ಮರಳುಗಲ್ಲಿಗೆ ಮೊದಲು ಸೀಲರ್. ಉಪ್ಪು ಎಷ್ಟು ಕೆಜಿ ಬೇಕಾಗುತ್ತೆ?

ಪಿಎಚ್_ಪಹರೆ: ಮೊದಲು ಈಗಿರುವ ಉಪ್ಪನ್ನು ಅಳೆಯಿರಿ. ದ್ರವ ಕ್ಲೋರಿನ್ ಕೂಡ ಉಪ್ಪು ಬಿಟ್ಟುಹೋಗುತ್ತದೆ, ಹಳೆಯ ನೀರಿನಲ್ಲಿ ಸಾವಿರ ಪಿಪಿಎಂ ದಾಟಿರಬಹುದು. ಉದಾಹರಣೆಗೆ 1,200 ಇದ್ದರೆ ಇನ್ನು 2,000 ಬೇಕು, ಅಂದರೆ 60,000 ಲೀಟರಿಗೆ 120 ಕೆಜಿ. ಅಯೋಡಿನ್, ಗಂಟುಕಟ್ಟದಂತೆ ಬೆರೆಸುವ ಪುಡಿ ಇಲ್ಲದ ಶುದ್ಧ ಉಪ್ಪೇ ಆಗಬೇಕು, ಇಲ್ಲದಿದ್ದರೆ ಕಲೆ ಬೀಳಬಹುದು. ಮೊದಲು 100 ಕೆಜಿ ಹಾಕಿ, ತಳದಲ್ಲಿ ರಾಶಿ ಬೀಳದಂತೆ ಬ್ರಷ್ ಆಡಿಸಿ. ಸೆಲ್ ಆಫ್ ಇಟ್ಟು ಪಂಪ್ ಮಾತ್ರ 24 ಗಂಟೆ ಓಡಿಸಿ, ಮತ್ತೆ ಅಳೆದು ಉಳಿದದ್ದು ಹಾಕಿ. ಹೆಚ್ಚಾದರೆ ನೀರು ಚೆಲ್ಲಿ ಹೊಸದು ತುಂಬುವುದೊಂದೇ ದಾರಿ.