ಉರಿಯೂತ ತಗ್ಗಿಸುವ ಪ್ರೋಟೀನ್ ಕೀಲಲ್ಲೇ ಇದ್ದರೂ ಊತ ಯಾಕೆ?

ಬೆರಳುಗಂಟು:
ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ, ಬಾಟಲಿ ಮುಚ್ಚಳ ತಿರುಗಿಸುವುದಂತೂ ದೂರದ ಮಾತು. ಸುಮ್ನೆ ಓದುತ್ತಾ ಕೂತಾಗ ಐಎಲ್-10 ಅನ್ನುವ ಪ್ರೋಟೀನ್ ವಿಷಯ ಸಿಕ್ಕಿತು. ಬಿಳಿ ರಕ್ತಕಣಗಳೇ ಇದನ್ನು ಮಾಡುತ್ತವಂತೆ, ಉರಿಯೂತ ತಗ್ಗಿಸುತ್ತದಂತೆ, ಊದಿದ ಕೀಲಿನಲ್ಲೂ ಇರುತ್ತದಂತೆ. ಮತ್ತೆ ಊತ ಯಾಕೆ ಇಳಿಯಲ್ಲ? ಸಾಲದಿದ್ದರೆ ಇನ್ಸುಲಿನ್ ತರಹ ಹೊರಗಿನಿಂದ ಕೊಡಬಹುದಲ್ವಾ?

ಲ್ಯಾಬ್_ಕಡೆಯವ:
ಕೊಟ್ಟು ನೋಡಿದ್ದಾರೆ. ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ.

ಐಎಲ್-10 ಪತ್ತೆಯಾಗಿದ್ದು 1989ರಲ್ಲಿ, ಇಲಿಯ ಟಿ ಕೋಶಗಳು ಅನ್ನುವ ಬಿಳಿ ರಕ್ತಕಣಗಳಲ್ಲಿ. ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಕೋಶಗಳ ಮೇಲೆ ಇದರ ಹಿಡಿತ ಜೋರು. ಟಿಎನ್‌ಎಫ್, ಐಎಲ್-1, ಐಎಲ್-6 ಅಂತ ಉರಿಯೂತ ಎಬ್ಬಿಸುವ ಪ್ರೋಟೀನ್‌ಗಳನ್ನು ಅವು ಮಾಡುವುದೇ ಕಡಿಮೆಯಾಗುತ್ತದೆ. ರೋಗಿಗಳ ಕೀಲಿನ ಒಳಪೊರೆಯ ಕೋಶಗಳನ್ನು ಲ್ಯಾಬಿನಲ್ಲಿ ಇಟ್ಟು, ಅವು ತಾವೇ ಮಾಡುವ ಐಎಲ್-10 ಕೆಲಸ ಮಾಡದಂತೆ ತಡೆದರೆ ಟಿಎನ್‌ಎಫ್, ಐಎಲ್-1 ಇನ್ನೂ ಏರುತ್ತವೆ. ಅಂದರೆ ಅದು ಅಲ್ಲಿ ಸುಮ್ಮನೆ ಕೂತಿಲ್ಲ, ಬ್ರೇಕ್ ಒತ್ತಿಕೊಂಡೇ ಇದೆ, ಆದರೆ ಗಾಡಿ ಇಳಿಜಾರಿನಲ್ಲಿದೆ.

ಇನ್ನೊಂದು ಕಿರಿಕಿರಿ ಅಂದರೆ ಐಎಲ್-10 ಬಿ ಕೋಶಗಳು ಅನ್ನುವ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಿಗೆ ಉತ್ತೇಜನ ಕೊಡುತ್ತದೆ, ಅವು ಜಾಸ್ತಿಯಾಗಿ ಆಂಟಿಬಾಡಿ ಮಾಡಲು ನೆರವಾಗುತ್ತದೆ. ನಿಮ್ಮ ಕಾಯಿಲೆಯಲ್ಲಿ ದೇಹದ ಮೇಲೇ ತಿರುಗಿಬಿದ್ದ ಆಂಟಿಬಾಡಿಗಳದ್ದೂ ಪಾತ್ರ ಇರುವಾಗ ಇದು ಒಳ್ಳೆಯ ಸುದ್ದಿಯಲ್ಲ. ಹಾಗಾಗಿ ಇದನ್ನು ಬರೀ ‘ಒಳ್ಳೆ ಪ್ರೋಟೀನ್’ ಅಂತ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇನ್ಸುಲಿನ್ ಲೆಕ್ಕ ಬೇರೆ, ಅಲ್ಲಿ ಇಲ್ಲದ್ದನ್ನು ತುಂಬುತ್ತೇವೆ.

ಬೆರಳುಗಂಟು:
ಹಾಗಾದರೆ ದೇಹ ಮಾಡುವ ಇಂಥ ಪ್ರೋಟೀನ್ ಒಂದೂ ಔಷಧಿಯಾಗಿಲ್ವಾ?

ಓದುಗುಳಿ:
ಒಂದು ಆಗಿದೆ. ಐಎಲ್-1 ರಿಸೆಪ್ಟರ್ ಆಂಟಗೊನಿಸ್ಟ್ ಅಂತ, ಇದೂ ನಮ್ಮ ದೇಹದ್ದೇ. ಐಎಲ್-1 ಬಂದು ಕೂರಬೇಕಾದ ಜಾಗದಲ್ಲಿ ಇದು ಮೊದಲೇ ಕೂರುತ್ತದೆ, ಕೋಶಕ್ಕೆ ಯಾವ ಸಂದೇಶವನ್ನೂ ಕೊಡುವುದಿಲ್ಲ. ಇದರ ಜೀನ್ ತೆಗೆದುಹಾಕಿದ ಇಲಿಗಳಲ್ಲಿ, ಒಂದು ತಳಿಯಲ್ಲಂತೂ, ಕೀಲುಗಳು ತಾವಾಗಿಯೇ ಊದಿಕೊಳ್ಳುತ್ತವೆ. ತೊಂದರೆ ಇರುವುದು ಪ್ರಮಾಣದಲ್ಲಿ. ಕೋಶದ ಮೇಲಿನ ಕೆಲವೇ ಜಾಗಗಳು ಐಎಲ್-1ಗೆ ಸಿಕ್ಕರೂ ಉರಿಯೂತ ಶುರುವಾಗುತ್ತದೆ, ಆದ್ದರಿಂದ ತಡೆಯುವ ಪ್ರೋಟೀನ್ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬೇಕು, ಊದಿದ ಕೀಲಿನಲ್ಲಿ ಅಷ್ಟು ಇರುವುದಿಲ್ಲ. ಇದನ್ನೇ ಸ್ವಲ್ಪ ಬದಲಿಸಿ ಅನಕಿನ್ರಾ ಮಾಡಿದರು. ಅಮೆರಿಕದಲ್ಲಿ 2001ರಲ್ಲಿ ರುಮಟಾಯ್ಡ್‌ಗೆ ಒಪ್ಪಿಗೆ ಸಿಕ್ಕಿತು. ಆದರೆ ಈ ಕಾಯಿಲೆಯಲ್ಲಿ ಟಿಎನ್‌ಎಫ್ ತಡೆಯುವ ಔಷಧಿಗಳಷ್ಟು ಫಲ ಕೊಡುವುದಿಲ್ಲ. ಜ್ವರ, ದದ್ದು, ಕೀಲುನೋವು ಒಟ್ಟಿಗೆ ಬರುವ ಸ್ಟಿಲ್ಸ್ ಕಾಯಿಲೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಹಳೇ_ಪೇಷಂಟ್:
ಅನಕಿನ್ರಾ ನಾನು ತಗೊಂಡಿದ್ದೆ. ದಿನಾ 100 ಮಿಲಿಗ್ರಾಂ, ಚರ್ಮದ ಕೆಳಗೆ ಚುಚ್ಚಿಕೊಳ್ಳಬೇಕು, ಯಾಕೆಂದರೆ ಕೆಲವೇ ಗಂಟೆಗಳಲ್ಲಿ ದೇಹದಿಂದ ಹೊರಟುಹೋಗುತ್ತದೆ. ಮೊದಮೊದಲು ತೊಡೆಯಲ್ಲಿ ಚುಚ್ಚಿದ ಕಡೆಯೆಲ್ಲ ಕೆಂಪು ದದ್ದು, ತುರಿಕೆ. ಫ್ರಿಜ್ಜಿನಿಂದ ತೆಗೆದ ಸಿರಿಂಜನ್ನು ಸ್ವಲ್ಪ ಹೊತ್ತು ಹೊರಗೆ ಇಟ್ಟು ಆಮೇಲೆ ಚುಚ್ಚಿದರೆ ಉರಿ ಕಡಿಮೆ. ನನಗೆ ಅಷ್ಟೇನೂ ಗುಣ ಕಾಣಲಿಲ್ಲ, ಡಾಕ್ಟರ್ ಟಿಎನ್‌ಎಫ್ ತಡೆಯುವುದಕ್ಕೆ ಬದಲಿಸಿದರು. ಎರಡೂ ಒಟ್ಟಿಗೆ ಕೊಡಿ ಅಂತ ಕೇಳಲು ಹೋಗಬೇಡಿ, ಹಾಗೆ ಮಾಡಿದರೆ ಲಾಭವೇನೂ ಹೆಚ್ಚಲ್ಲ, ದೊಡ್ಡ ಸೋಂಕು ತಗಲುವ ಅಪಾಯ ಮಾತ್ರ ಹೆಚ್ಚುತ್ತದೆ. ಅಂದಹಾಗೆ ನಿಮಗೆ ಈಗ ಯಾವ ಔಷಧಿ ನಡೀತಿದೆ, ಈ ಕಾಯಿಲೆಗೆ ಸಾಮಾನ್ಯವಾಗಿ ಮೊದಲು ಕೊಡುವ ಮೆಥೊಟ್ರೆಕ್ಸೇಟ್ ಶುರು ಮಾಡಿದ್ದಾರಾ?