ಉಬುಂಟು ಸರ್ವರ್‌ಗೆ ಡೆಸ್ಕ್‌ಟಾಪ್ ಹಾಕಿದ ಮೇಲೆ ಕೇಬಲ್ ಸಂಪರ್ಕ ‘ಅನ್‌ಮ್ಯಾನೇಜ್ಡ್’ ಎಂದು ಕಾಣುತ್ತಿರುವುದೇಕೆ?

ಪ್ರಶ್ನೆ

ನಮಸ್ಕಾರ. ಉಬುಂಟು 22.04ರ ಸರ್ವರ್ ಆವೃತ್ತಿ ಇದ್ದ ಯಂತ್ರವೊಂದಕ್ಕೆ ಇತ್ತೀಚೆಗೆ ಡೆಸ್ಕ್‌ಟಾಪ್ ಪ್ಯಾಕೇಜನ್ನೂ ಹಾಕಿದ್ದೇನೆ. ನೆಟ್‌ವರ್ಕ್ ಸರಿಯಾಗಿಯೇ ನಡೆಯುತ್ತಿದೆ, ಬ್ರೌಸರ್‌ನಲ್ಲಿ ಪುಟಗಳು ತೆರೆಯುತ್ತಿವೆ. ಆದರೆ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟದಲ್ಲಿ ಕೇಬಲ್ ಸಂಪರ್ಕದ ಸುಳಿವೇ ಇಲ್ಲ. ನೆಟ್‌ವರ್ಕ್ ಮ್ಯಾನೇಜರ್ ಸೇವೆಯ ಎನ್‌ಎಂಸಿಎಲ್‌ಐ ಕಮಾಂಡ್ ಮೂಲಕ ಸಾಧನಗಳ ಸ್ಥಿತಿ ಕೇಳಿದರೆ ಆ ಇಂಟರ್‌ಫೇಸ್ (ನೆಟ್‌ವರ್ಕ್ ಪೋರ್ಟ್) ‘ಅನ್‌ಮ್ಯಾನೇಜ್ಡ್’, ಅಂದರೆ ತನ್ನ ನಿರ್ವಹಣೆಯಲ್ಲಿಲ್ಲ, ಎಂದು ಬರುತ್ತದೆ. ಸಿಸ್ಟಂಡಿ-ನೆಟ್‌ವರ್ಕ್‌ಡಿ ಸೇವೆಯ ನೆಟ್‌ವರ್ಕ್‌ಸಿಟಿಎಲ್ ಕಮಾಂಡ್ ಮೂಲಕ ಕೇಳಿದರೆ ಅದೇ ಇಂಟರ್‌ಫೇಸ್ ‘ಕಾನ್ಫಿಗರ್ಡ್’ ಎನ್ನುತ್ತದೆ. ಒಂದೇ ತಂತಿಯ ಬಗ್ಗೆ ಎರಡು ಕಡೆ ಎರಡು ಮಾತು.

ಇದರ ಜೊತೆಗೆ ಇನ್ನೊಂದು ತೊಂದರೆಯೂ ಇದೆ, ಅದು ಡೆಸ್ಕ್‌ಟಾಪ್ ಹಾಕುವ ಮೊದಲಿನಿಂದಲೂ ಇತ್ತು: ಯಂತ್ರ ಶುರುವಾಗುವಾಗ ನೆಟ್‌ವರ್ಕ್‌ಗಾಗಿ ಕಾಯುತ್ತಿರುವುದಾಗಿ ಹೇಳುವ ಸಾಲು ಸುಮಾರು ಎರಡು ನಿಮಿಷ ಪರದೆಯ ಮೇಲೆ ನಿಂತಿರುತ್ತದೆ. ಯಂತ್ರದಲ್ಲಿ ಎರಡು ಈಥರ್ನೆಟ್ ಪೋರ್ಟ್‌ಗಳಿವೆ. ಒಂದಕ್ಕೆ ಮಾತ್ರ ಕೇಬಲ್ ಹಾಕಿದ್ದೇನೆ.

ನೆಟ್‌ವರ್ಕ್ ನಡೆಸಲು ಡೆಸ್ಕ್‌ಟಾಪ್‌ಗೆ ಒಂದು ಸೇವೆ (ನೆಟ್‌ವರ್ಕ್ ಮ್ಯಾನೇಜರ್), ಸರ್ವರ್‌ಗೆ ಮತ್ತೊಂದು ಸೇವೆ (ನೆಟ್‌ವರ್ಕ್‌ಡಿ) ಎಂದು ಏಕೆ ಬೇರ್ಪಡಿಸಿದ್ದಾರೆ? ಎರಡರಲ್ಲಿ ಒಂದನ್ನು ನಿಲ್ಲಿಸಬೇಕಾದರೆ ಯಾವುದನ್ನು ನಿಲ್ಲಿಸಲಿ?

ಉತ್ತರ 1

ತಾವು ಕಂಡಿರುವುದು ದೋಷವಲ್ಲ, ಉಬುಂಟು ಬೇಕೆಂದೇ ಮಾಡಿರುವ ಏರ್ಪಾಡು. ಆ ಇಂಟರ್‌ಫೇಸ್‌ನ ಯಜಮಾನಿಕೆ ಸಿಸ್ಟಂಡಿ-ನೆಟ್‌ವರ್ಕ್‌ಡಿಯ ಕೈಯಲ್ಲಿದೆ, ಆದ್ದರಿಂದ ನೆಟ್‌ವರ್ಕ್ ಮ್ಯಾನೇಜರ್ ‘ಇದು ನನ್ನದಲ್ಲ’ ಎಂದು ದೂರ ನಿಂತಿದೆ. ಎರಡೂ ಸುಳ್ಳು ಹೇಳುತ್ತಿಲ್ಲ.

ಈ ಎರಡರ ಮೇಲೆ ನೆಟ್‌ಪ್ಲಾನ್ ಎಂಬುದೊಂದಿದೆ. 17.10ರಿಂದ ಉಬುಂಟುವಿನಲ್ಲಿ ಇದೇ ಡೀಫಾಲ್ಟ್. ಹಲವರು ಇದನ್ನು ಮೂರನೆಯ ನೆಟ್‌ವರ್ಕ್ ಸೇವೆ ಎಂದು ಭಾವಿಸುತ್ತಾರೆ, ಅಲ್ಲ. ಅದು ತಾನಾಗಿ ಯಾವ ಪೋರ್ಟನ್ನೂ ನಡೆಸುವುದಿಲ್ಲ. ಇಟಿಸಿ ಡೈರೆಕ್ಟರಿಯ ಒಳಗಿನ ನೆಟ್‌ಪ್ಲಾನ್ ಡೈರೆಕ್ಟರಿಯಲ್ಲಿರುವ ಯಾಮಲ್ ಎಂಬ ಪಠ್ಯರೂಪದ ಫೈಲ್‌ಗಳನ್ನು ಓದಿ, ಕೆಳಗಿನ ಸೇವೆಗೆ ಅರ್ಥವಾಗುವ ಫೈಲ್‌ಗಳನ್ನು ರನ್ ಡೈರೆಕ್ಟರಿಯಲ್ಲಿ ಬರೆದಿಟ್ಟು ಸುಮ್ಮನಾಗುತ್ತದೆ. ಯಾವ ಸೇವೆಗೆ ಬರೆಯಬೇಕೆಂಬುದನ್ನು ‘ರೆಂಡರರ್’ ಎಂಬ ಒಂದು ಸಾಲು ಹೇಳುತ್ತದೆ, ಮತ್ತು ಆ ಸಾಲು ಇಲ್ಲದಿದ್ದರೆ ನೆಟ್‌ವರ್ಕ್‌ಡಿಗೆ ಬರೆಯುವುದೇ ಅದರ ರೂಢಿ. 22.04ರ ಡೆಸ್ಕ್‌ಟಾಪ್ ಆವೃತ್ತಿಯನ್ನು ಮೊದಲಿನಿಂದಲೇ ಸ್ಥಾಪಿಸಿದವರಿಗೆ ರೆಂಡರರ್ ನೆಟ್‌ವರ್ಕ್ ಮ್ಯಾನೇಜರ್ ಎಂದು ಹೇಳುವ ಪುಟ್ಟ ಫೈಲೊಂದು ಆ ಸ್ಥಾಪನೆಯ ಜೊತೆಗೇ ಬಂದಿರುತ್ತದೆ. ತಮ್ಮಂತೆ ಸರ್ವರ್ ಮೇಲೆ ಡೆಸ್ಕ್‌ಟಾಪ್ ಪ್ಯಾಕೇಜನ್ನು ತರಿಸಿಕೊಂಡವರಿಗೆ ಹಳೆಯ ಸರ್ವರ್ ಫೈಲೇ ಉಳಿಯುತ್ತದೆ. ಇಷ್ಟು ಸಾಲದೆಂಬಂತೆ, ಉಬುಂಟುವಿನ ನೆಟ್‌ವರ್ಕ್ ಮ್ಯಾನೇಜರ್ ಪ್ಯಾಕೇಜಿನೊಳಗೆ ‘ವೈಫೈ ಮತ್ತು ಮೊಬೈಲ್ ಮೋಡೆಮ್‌ಗಳನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟಬೇಡ’ ಎಂಬ ಸೂಚನೆ ಇರುವ ಫೈಲ್ ಸಹ ಇದೆ. ರೆಂಡರರ್ ಬದಲಾಯಿಸಿದ ಕೂಡಲೇ ನೆಟ್‌ಪ್ಲಾನ್ ಅದೇ ಹೆಸರಿನ ಖಾಲಿ ಫೈಲೊಂದನ್ನು ರನ್ ಡೈರೆಕ್ಟರಿಯಲ್ಲಿಟ್ಟು ಆ ಸೂಚನೆಯನ್ನು ಅಳಿಸಿದಂತೆ ಮಾಡುತ್ತದೆ. ಇಂತಹ ತೆರೆಮರೆಯ ಕೆಲಸ ನನಗೆ ಅಷ್ಟು ಹಿಡಿಸುವುದಿಲ್ಲ, ಆದರೆ ಕೆಲಸವಂತೂ ಆಗುತ್ತದೆ.

ಏಕೆ ಬೇರ್ಪಡಿಸಿದರು ಎಂಬುದಕ್ಕೆ ಆ ಯಂತ್ರಗಳ ದಿನಚರಿಯೇ ಉತ್ತರ. ಲ್ಯಾಪ್‌ಟಾಪ್ ಬೆಳಿಗ್ಗೆ ಒಂದು ವೈಫೈ, ಮಧ್ಯಾಹ್ನ ಮತ್ತೊಂದು, ನಡುವೆ ವಿಪಿಎನ್, ಒಮ್ಮೊಮ್ಮೆ ಫೋನಿನ ಹಾಟ್‌ಸ್ಪಾಟ್ ಎಂದು ಅಲೆಯುತ್ತದೆ. ಎದುರಿಗೆ ಕುಳಿತವರು ಪಾಸ್‌ವರ್ಡ್ ಟೈಪ್ ಮಾಡುತ್ತಾರೆ. 2004ರಲ್ಲಿ ರೆಡ್ ಹ್ಯಾಟ್ ಆರಂಭಿಸಿದ ನೆಟ್‌ವರ್ಕ್ ಮ್ಯಾನೇಜರ್ ಈ ಅಲೆದಾಟಕ್ಕಾಗಿಯೇ ಹುಟ್ಟಿದ್ದು. ಸರ್ವರ್‌ನ ಕೇಬಲ್ ಒಮ್ಮೆ ಸಿಕ್ಕಿಸಿದರೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ, ಎದುರಿಗೆ ಯಾರೂ ಇರುವುದಿಲ್ಲ. ಯಂತ್ರದ ಸೇವೆಗಳನ್ನು ಶುರುಮಾಡಿ ನಡೆಸುವ ಸಿಸ್ಟಂಡಿಯೊಳಗೆ 2014ರಲ್ಲಿ ಬಂದ ನೆಟ್‌ವರ್ಕ್‌ಡಿಗೆ ಯಾವ ಇಂಟರ್‌ಫೇಸ್, ವಿಳಾಸ ಎಲ್ಲಿಂದ ಎಂದು ನಾಲ್ಕು ಸಾಲು ಬರೆದುಕೊಟ್ಟರೆ ಸಾಕು. ವೈಫೈ ಪಾಸ್‌ವರ್ಡಿನ ವ್ಯವಹಾರ ಅದಕ್ಕೆ ಸ್ವತಃ ಬಾರದು. ಅದಕ್ಕೆ ಡಬ್ಲ್ಯುಪಿಎ ಸಪ್ಲಿಕೆಂಟ್‌ನಂತಹ ಜೊತೆಗಾರ ಬೇಕು.

ಬೂಟ್ ತಡವಾಗುವುದಕ್ಕೆ ಕಾರಣ ಆ ಖಾಲಿ ಪೋರ್ಟ್. ತಮ್ಮ ಫೈಲ್‌ನಲ್ಲಿ ಎರಡೂ ಪೋರ್ಟ್‌ಗಳಿಗೆ ಡಿಎಚ್‌ಸಿಪಿ (ರೂಟರ್‌ನಿಂದ ವಿಳಾಸವನ್ನು ತಾನಾಗಿ ಕೇಳಿ ಪಡೆಯುವ ವಿಧಾನ) ಎಂದು ಬರೆದಿರಬೇಕು. ತನ್ನ ಪಾಲಿನ ಎಲ್ಲ ಇಂಟರ್‌ಫೇಸ್‌ಗಳೂ ಸಿದ್ಧವಾಗಲೆಂದು ನೆಟ್‌ವರ್ಕ್‌ಡಿಯ ವೇಟ್-ಆನ್‌ಲೈನ್ ಸೇವೆ 120 ಸೆಕೆಂಡ್ ಕಾಯುತ್ತದೆ. ಆ ಪೋರ್ಟಿನ ಕೆಳಗೆ ‘ಆಪ್ಷನಲ್: ಟ್ರೂ’ ಎಂದು ಸೇರಿಸಿದರೆ ಅದಕ್ಕಾಗಿ ಕಾಯುವುದಿಲ್ಲ.

ಪರದೆಯ ಮುಂದೆ ಕುಳಿತು ಬಳಸುವ ಯಂತ್ರವಾದರೆ ರೆಂಡರರನ್ನು ನೆಟ್‌ವರ್ಕ್ ಮ್ಯಾನೇಜರ್‌ಗೆ ಬದಲಾಯಿಸುವುದು ಒಳ್ಳೆಯದು. ನೇರವಾಗಿ ‘ನೆಟ್‌ಪ್ಲಾನ್ ಅಪ್ಲೈ’ ಕೊಡುವ ಬದಲು ‘ನೆಟ್‌ಪ್ಲಾನ್ ಟ್ರೈ’ ಕೊಡಿ. 120 ಸೆಕೆಂಡಿನೊಳಗೆ ತಾವು ಎಂಟರ್ ಒತ್ತದಿದ್ದರೆ ಅದು ಹಳೆಯ ಸ್ಥಿತಿಗೆ ಮರಳುತ್ತದೆ. ಹಲವು ಪೋರ್ಟ್‌ಗಳನ್ನು ಜೋಡಿಸುವ ಬಾಂಡ್, ಬ್ರಿಡ್ಜ್‌ಗಳ ವಿಶೇಷ ಹೊಂದಿಕೆಗಳಿದ್ದರೆ ಮಾತ್ರ ಆ ಮರಳುವಿಕೆಯನ್ನು ನಂಬಬೇಡಿ. ಸೇವೆಗಳನ್ನು ಕೈಯಾರೆ ನಿಲ್ಲಿಸುವ ಕೆಲಸಕ್ಕಂತೂ ಮೊದಲೇ ಕೈಹಾಕಬೇಡಿ. ನೆಟ್‌ವರ್ಕ್‌ಡಿಯನ್ನು ಈಗಲೇ ನಿಲ್ಲಿಸಿದರೆ ಆ ಕೇಬಲ್‌ಗೆ ವಾರಸುದಾರರೇ ಇರುವುದಿಲ್ಲ.

ಉತ್ತರ 2

ಮೇಲಿನ ಉತ್ತರ ಉಬುಂಟುವಿನ ಮಟ್ಟಿಗೆ ಸರಿ. ಆದರೆ ‘ಸರ್ವರ್ ಎಂದರೆ ನೆಟ್‌ವರ್ಕ್‌ಡಿ, ಡೆಸ್ಕ್‌ಟಾಪ್ ಎಂದರೆ ನೆಟ್‌ವರ್ಕ್ ಮ್ಯಾನೇಜರ್’ ಎಂಬುದನ್ನು ಲಿನಕ್ಸ್‌ನ ನಿಯಮವೆಂದು ಓದುಗರು ತಿಳಿಯಬಾರದೆಂದು ಇದನ್ನು ಬರೆಯುತ್ತಿದ್ದೇನೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನಲ್ಲಿ 2014ರ 7ನೆಯ ಆವೃತ್ತಿಯಿಂದಲೇ ಸರ್ವರ್‌ನಲ್ಲೂ ನೆಟ್‌ವರ್ಕ್ ಮ್ಯಾನೇಜರೇ ಡೀಫಾಲ್ಟ್. ಹಳೆಯ ನೆಟ್‌ವರ್ಕ್ ಸ್ಕ್ರಿಪ್ಟ್‌ಗಳನ್ನು 8ರಲ್ಲಿ ಬದಿಗೆ ಸರಿಸಿ, 2022ರ 9ರಲ್ಲಿ ತೆಗೆದೇ ಹಾಕಿದರು. ಡೆಬಿಯನ್‌ನಲ್ಲಿ ಗ್ನೋಮ್ ಡೆಸ್ಕ್‌ಟಾಪ್ ಹಾಕಿದರೆ ನೆಟ್‌ವರ್ಕ್ ಮ್ಯಾನೇಜರ್ ಬರುತ್ತದೆ, ಸರ್ವರ್‌ನಲ್ಲಿ ಬಹುಕಾಲದಿಂದ ಇರುವುದು ಇಫ್‌ಅಪ್‌ಡೌನ್ ಎಂಬ ಬೇರೆ ಸಾಧನ. ಅಲ್ಲಿಯೂ ಅದರ ಇಂಟರ್‌ಫೇಸಸ್ ಫೈಲ್‌ನಲ್ಲಿ ಹೆಸರಿಸಿದ ಪೋರ್ಟನ್ನು ನೆಟ್‌ವರ್ಕ್ ಮ್ಯಾನೇಜರ್ ಮುಟ್ಟುವುದಿಲ್ಲ, ಅಂದರೆ ಅಲ್ಲಿಯೂ ಇದೇ ‘ಅನ್‌ಮ್ಯಾನೇಜ್ಡ್’ ಕಾಣಬಹುದು. ಸೂಸೆ ಎಂಟರ್‌ಪ್ರೈಸ್ ಸರ್ವರ್ 12 ಮತ್ತು 15ರಲ್ಲಿ ವಿಕೆಡ್ ಎಂಬ ಬೇರೆಯೇ ಸೇವೆ ಇತ್ತು.

ಸರ್ವರ್‌ನಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಬಳಸಬಾರದೆಂಬ ಹಳೆಯ ಹೆದರಿಕೆಗೆ ಈಗ ಆಧಾರವಿಲ್ಲ ಎಂಬುದು ನನ್ನ ಅಭಿಪ್ರಾಯ, ಆದರೆ ಎರಡು ಕಡೆ ಎಚ್ಚರ ಬೇಕು. ಎನ್‌ಎಂಸಿಎಲ್‌ಐ ಮೂಲಕ ಸಂಪರ್ಕವನ್ನು ‘ಮಾಡಿಫೈ’ ಮಾಡಿದಾಗ ಪ್ರೊಫೈಲ್ ಬದಲಾಗುತ್ತದೆಯೇ ಹೊರತು ನಡೆಯುತ್ತಿರುವ ಸಂಪರ್ಕ ಬದಲಾಗುವುದಿಲ್ಲ. ‘ಅಪ್’ ಅಥವಾ ‘ರೀಅಪ್ಲೈ’ ಕೊಡುವುದನ್ನು ಮರೆತು, ತಿಂಗಳಾದ ಮೇಲೆ ರೀಬೂಟ್ ಆದಾಗ ವಿಳಾಸ ಬದಲಾಗಿದ್ದನ್ನು ಕಂಡು ನಾನೇ ಬೆಚ್ಚಿದ್ದುಂಟು. ಎರಡನೆಯದು ವೈಫೈ: ಒಬ್ಬ ಬಳಕೆದಾರರ ಪ್ರೊಫೈಲ್ ಆಗಿ ಉಳಿಸಿದ ಸಂಪರ್ಕದ ಪಾಸ್‌ವರ್ಡ್ ಆ ಬಳಕೆದಾರರ ಕೀರಿಂಗ್‌ ಎಂಬ ಪಾಸ್‌ವರ್ಡ್ ಪೆಟ್ಟಿಗೆಯಲ್ಲಿರುವುದರಿಂದ, ಅವರು ಲಾಗಿನ್ ಆಗುವವರೆಗೆ ನೆಟ್‌ವರ್ಕೇ ಬರುವುದಿಲ್ಲ. ದೂರದಿಂದ ಎಸ್‌ಎಸ್‌ಎಚ್ ಮೂಲಕ ಬಳಸುವ ಯಂತ್ರದಲ್ಲಿ ಸಂಪರ್ಕವನ್ನು ಎಲ್ಲ ಬಳಕೆದಾರರಿಗೂ ಸಿಗುವಂತೆ ಉಳಿಸಿರಿ.

ಪ್ರಶ್ನೆ ಕೇಳಿದವರ ಮರುಬರಹ

ಇಬ್ಬರಿಗೂ ಧನ್ಯವಾದಗಳು. ಖಾಲಿ ಪೋರ್ಟಿನ ವಿವರವನ್ನು ಆಪ್ಷನಲ್ ಮಾಡಿದ ಮೇಲೆ ಬೂಟ್ ತಡವಾಗುವುದು ನಿಂತಿತು. ಆಮೇಲೆ ರೆಂಡರರ್ ಸಾಲನ್ನು ಸೇರಿಸಿ ‘ಟ್ರೈ’ ಕೊಟ್ಟೆ. ಮೊದಲ ಸಲ ಸ್ಪೇಸ್‌ಗಳ ಬದಲು ಟ್ಯಾಬ್ ಒತ್ತಿದ್ದರಿಂದ ಯಾಮಲ್ ತಪ್ಪೆಂದು ಬೈಸಿಕೊಂಡೆ, ಎರಡನೆಯ ಸಲ ಸರಿಹೋಯಿತು. ಈಗ ಸೆಟ್ಟಿಂಗ್ಸ್‌ನಲ್ಲಿ ಕೇಬಲ್ ಸಂಪರ್ಕ ಕಾಣುತ್ತಿದೆ, ಅದರ ಹೆಸರಿನ ಮುಂದೆ ‘ನೆಟ್‌ಪ್ಲಾನ್’ ಎಂಬ ಪದವೂ ಇದೆ. ಹೊಸ ಗೊಂದಲವೊಂದು ಉಳಿದಿದೆ: ರೀಬೂಟ್ ಆದ ಮೇಲೆ ಯಂತ್ರಕ್ಕೆ ಬೇರೆ ಐಪಿ ವಿಳಾಸ ಬಂದಿದೆ. ಕಾರ್ಡ್ ಅದೇ, ಕೇಬಲ್ ಅದೇ, ರೂಟರ್ ಅದೇ. ಹೀಗಾಗಲು ಕಾರಣವೇನು?

ಉತ್ತರ 3

ರೂಟರ್‌ನ ಡಿಎಚ್‌ಸಿಪಿ ಸರ್ವರ್ ತಮ್ಮ ಯಂತ್ರವನ್ನು ಹೊಸ ಅತಿಥಿಯೆಂದು ಭಾವಿಸಿದೆ. ವಿಳಾಸ ಕೇಳುವಾಗ ಯಂತ್ರ ತನ್ನ ಗುರುತನ್ನು ಹೇಳಬೇಕಾಗುತ್ತದೆ. ನೆಟ್‌ವರ್ಕ್‌ಡಿ ಹೇಳುವುದು ಡಿಯುಐಡಿ ಎಂಬ ಗುರುತನ್ನು. ಅದು ಇಟಿಸಿಯಲ್ಲಿರುವ ಮಷೀನ್-ಐಡಿ ಫೈಲಿನಿಂದ ಹುಟ್ಟಿಸಿದ್ದು. ನೆಟ್‌ವರ್ಕ್ ಮ್ಯಾನೇಜರ್ ಸಾಮಾನ್ಯವಾಗಿ ಕಾರ್ಡಿನ ಮ್ಯಾಕ್ ವಿಳಾಸವನ್ನು (ನೆಟ್‌ವರ್ಕ್ ಕಾರ್ಡಿನದೇ ಆದ ಗುರುತು ಸಂಖ್ಯೆಯನ್ನು) ಹೇಳುತ್ತದೆ. ಸೇವೆ ಬದಲಾದಾಗ ಗುರುತು ಬದಲಾಯಿತು, ಗುರುತು ಬದಲಾದ್ದರಿಂದ ವಿಳಾಸವೂ ಬದಲಾಯಿತು. ವರ್ಚುವಲ್ ಯಂತ್ರವೊಂದನ್ನು ಹಾಗೆಯೇ ನಕಲು ಮಾಡಿ ಓಡಿಸಿದವರಿಗೆ ಇದರ ಉಲ್ಟಾ ಅನುಭವವಾಗಿರುತ್ತದೆ: ಮ್ಯಾಕ್ ಬೇರೆ ಬೇರೆಯಾದರೂ ಮಷೀನ್-ಐಡಿ ಒಂದೇ ಆದ್ದರಿಂದ ಎರಡು ಯಂತ್ರಗಳು ಒಂದೇ ಐಪಿಗಾಗಿ ಕಚ್ಚಾಡುತ್ತವೆ.

ತಮಗೆ ನಿಗದಿತ ವಿಳಾಸವೇ ಬೇಕಾದರೆ ರೂಟರ್‌ನಲ್ಲಿ ಈ ಮ್ಯಾಕ್‌ಗೆ ಹಳೆಯ ವಿಳಾಸವನ್ನು ಕಾಯ್ದಿರಿಸಿ, ಅಥವಾ ಯಾಮಲ್ ಫೈಲ್‌ನಲ್ಲಿಯೇ ಸ್ಥಿರ ವಿಳಾಸವನ್ನು ಬರೆಯಿರಿ. ಎಂದಾದರೂ ನೆಟ್‌ವರ್ಕ್‌ಡಿಗೆ ಮರಳಿದರೆ ಡಿಎಚ್‌ಸಿಪಿ-ಐಡೆಂಟಿಫೈಯರ್ ಎಂಬ ಸಾಲಿನಲ್ಲಿ ‘ಮ್ಯಾಕ್’ ಎಂದು ನಮೂದಿಸಿ. ಆಗ ಅದೂ ಕಾರ್ಡಿನ ಗುರುತನ್ನೇ ಹೇಳುತ್ತದೆ.